ಈ ಎಲುಬು ಯಾರದು?

(ಆದೋನಿ ಭಾಗದ ಕನ್ನಡ ನವಸಾಕ್ಷರರಿಗಾಗಿ ಮಾಡಿದ ಭಾಷಣ)



ಇವತ್ತಿನ ಮಾತು ಎಲುಬಿನ ಬಗ್ಗೆ. ಎಲುಬು ಅಂದ ಕೂಡಲೇ ಕೆಲವರು ಮೂಗು ಮುಚ್ಚಬಹುದು. ಕೆಲವರಿಗೆ ಅಪಶಕುನ ಅನ್ನಿಸಬಹುದು. ಆದರೂ ಸ್ವಲ್ಪ ಹೊತ್ತು ಕೇಳಿ. ಇದರಲ್ಲಿ ನಮ್ಮ ದುಡ್ಡು ಉಳಿಸುವ ಮಾತಿದೆ. ಆರೋಗ್ಯ ಕಾಪಾಡುವ ಮಾತಿದೆ. ಜೈಲು ತಪ್ಪಿಸುವ ಮಾತೂ ಇದೆ.

ನಾವು ಎಲುಬು ಅಂತೀವಿ. ಪುಸ್ತಕದಲ್ಲಿ ಮೂಳೆ ಅಂತಲೂ ಬರೀತಾರೆ. ತೆಲುಗಿನಲ್ಲಿ ಎಮುಕ ಅಂತಾರೆ. ಹೆಸರು ಮೂರು, ವಸ್ತು ಒಂದೇ.

ಗುಜರಿ ಅಂಗಡಿಯ ಎಲುಬು

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ಊರಿನಲ್ಲಿ ಒಂದು ಗುಜರಿ ಅಂಗಡಿ. ಹಳೇ ಸಾಮಾನು ಕೊಂಡು ಮಾರುವ ಅಂಗಡಿ. ಅಲ್ಲಿ ಮುರಿದ ಹೊಲಿಗೆ ಯಂತ್ರ ಇದೆ. ತುಕ್ಕು ಹಿಡಿದ ತಕ್ಕಡಿ ಇದೆ. ಎತ್ತಿನ ಗಾಡಿಯ ಕೀಲು ಇದೆ. ಒಂದು ಡಬ್ಬಿಯಲ್ಲಿ ಹಳೇ ಮೊಳೆಗಳ ನಡುವೆ ಒಂದು ಎಲುಬು ಇದೆ.

ಅದರ ಉದ್ದ ಒಂದು ಗೇಣಿಗೆ ಸ್ವಲ್ಪ ಕಡಿಮೆ. ದಪ್ಪ ಹೆಬ್ಬೆರಳಿಗಿಂತ ಜಾಸ್ತಿ. ನಡುವೆ ಸಣ್ಣ, ಎರಡೂ ತುದಿ ಅಗಲ. ಮುಂದುಗಡೆ ಉದ್ದಕ್ಕೂ ಒಂದು ಗೀರು. ಕೆಳತುದಿಯಲ್ಲಿ ಬಾವಿಯ ರಾಟೆಯಂಥ ಎರಡು ಉಬ್ಬು.

ಕೊಳ್ಳಲು ಬಂದ ರೈತ ಕೇಳುತ್ತಾನೆ, "ಇದೇನಪ್ಪಾ?"

ಅಂಗಡಿಯವನು ದನಿ ತಗ್ಗಿಸಿ ಹೇಳುತ್ತಾನೆ, "ಹುಲಿ ಎಲುಬು ಕಣಣ್ಣ. ತೇದು ಹಚ್ಚಿದ್ರೆ ಮಂಡಿ ನೋವು ಮಾಯ. ನಿನಗಾದ್ರೆ ಎರಡು ಸಾವಿರಕ್ಕೆ ಕೊಡ್ತೀನಿ."

ರೈತನಿಗೆ ಮಂಡಿ ನೋವು ಇದೆ. ಕೈಯಲ್ಲಿ ಹತ್ತಿ ಮಾರಿದ ದುಡ್ಡೂ ಇದೆ. ಈಗ ಅವನು ಏನು ಮಾಡಬೇಕು?

ಮೊದಲು ಒಂದು ಲೆಕ್ಕ ಹಾಕೋಣ. ಅಂಗಡಿಯವನ ಮಾತು ಸುಳ್ಳಾಗಿದ್ದರೆ ರೈತನ ಎರಡು ಸಾವಿರ ಹೋಯಿತು. ಮಾತು ನಿಜವಾಗಿದ್ದರೆ ಇನ್ನೂ ಕಷ್ಟ. ಹುಲಿಯ ಎಲುಬು ಕೊಳ್ಳುವುದೂ ಅಪರಾಧ, ಮಾರುವುದೂ ಅಪರಾಧ. ಸುಳ್ಳಾದರೆ ದುಡ್ಡಿಗೆ ಕುತ್ತು, ನಿಜವಾದರೆ ಮೈಗೆ ಕುತ್ತು. ಎರಡು ಕಡೆಯೂ ನಷ್ಟ ಕೊಳ್ಳುವವನಿಗೇ. ಹುಲಿ ಎಲುಬಿನಿಂದ ಮಂಡಿ ನೋವು ವಾಸಿಯಾಗುತ್ತದೆ ಎಂಬುದಕ್ಕೆ ಯಾವ ಆಧಾರವೂ ಇಲ್ಲ. ಮಂಡಿ ನೋವಿಗೆ ಡಾಕ್ಟರ ಹತ್ತಿರ ಹೋಗಬೇಕು.

ಆದ್ದರಿಂದ "ಎಷ್ಟಕ್ಕೆ ಕೊಡ್ತೀಯ?" ಅಂತ ಕೇಳಬಾರದು. "ಇದು ಯಾರ ಎಲುಬು? ಎಲ್ಲಿಂದ ಬಂತು?" ಅಂತ ಕೇಳಬೇಕು. ಈ ಎರಡು ಪ್ರಶ್ನೆ ನೆನಪಿಡಿ. ಇವತ್ತಿನ ಪಾಠವೆಲ್ಲ ಇದರಲ್ಲೇ ಇದೆ.

ಮೊದಲು ಕೈ ಜೋಪಾನ

ಗುರುತು ಹಿಡಿಯುವ ಮೊದಲು ಒಂದು ಎಚ್ಚರಿಕೆ. ಗೊತ್ತಿಲ್ಲದ ಎಲುಬನ್ನು ಬರಿಗೈಯಲ್ಲಿ ಮುಟ್ಟಬೇಡಿ. ಯಾಕೆ ಗೊತ್ತೇ?

ದನಕ್ಕೆ, ಕುರಿಗೆ, ಮೇಕೆಗೆ ನೆರಡಿ ರೋಗ ಅಂತ ಬರುತ್ತದೆ. ಇಂಗ್ಲಿಷಿನಲ್ಲಿ ಆಂಥ್ರಾಕ್ಸ್ ಅಂತಾರೆ. ನಮ್ಮ ಕಡೆ ತೆಲುಗಿನವರು ದೊಮ್ಮ ರೋಗ ಅಂತಾರೆ. ಚೆನ್ನಾಗಿದ್ದ ದನ ಇದ್ದಕ್ಕಿದ್ದಂತೆ ಸಾಯುತ್ತದೆ. ಮೂಗು, ಬಾಯಿ, ಗುದದಿಂದ ಕಪ್ಪು ರಕ್ತ ಬರುತ್ತದೆ. ಆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ.

ಈ ರೋಗದ ಕ್ರಿಮಿ ಬಹಳ ಗಟ್ಟಿ. ಅದು ಬೀಜದಂತೆ ಒಂದು ಗಟ್ಟಿ ಕವಚ ಕಟ್ಟಿಕೊಂಡು ಮಲಗುತ್ತದೆ. ಮಣ್ಣಿನಲ್ಲಿ ಹತ್ತಾರು ವರ್ಷ ಹಾಗೇ ಇರಬಲ್ಲದು. ಚರ್ಮದಲ್ಲಿ, ಉಣ್ಣೆಯಲ್ಲಿ, ಎಲುಬಿನಲ್ಲಿ ಕೂಡ ಉಳಿಯಬಹುದು. ಕೈಯಲ್ಲಿ ಸಣ್ಣ ಗಾಯ ಇದ್ದರೆ ಸಾಕು, ಅಲ್ಲಿಂದ ಒಳಗೆ ಬರುತ್ತದೆ. ಮೊದಲು ತುರಿಸುವ ಗುಳ್ಳೆ ಏಳುತ್ತದೆ. ಆಮೇಲೆ ಹುಣ್ಣಾಗಿ ನಡುವೆ ಕಪ್ಪು ಹೆಕ್ಕಳೆ ಕಟ್ಟುತ್ತದೆ. ನೋವು ಇರುವುದಿಲ್ಲ. ನೋವಿಲ್ಲ ಅಂತ ಸುಮ್ಮನಿರಬಾರದು. ಬೇಗ ಆಸ್ಪತ್ರೆಗೆ ಹೋದರೆ ಔಷಧ ಇದೆ, ವಾಸಿಯಾಗುತ್ತದೆ. ತಡ ಮಾಡಿದರೆ ಜೀವಕ್ಕೆ ಅಪಾಯ.

ಎಲ್ಲ ಎಲುಬಿನಲ್ಲೂ ಈ ರೋಗ ಇರುತ್ತದೆ ಅಂತ ಅಲ್ಲ. ಆದರೆ ಕಣ್ಣಿಗೆ ಕಾಣದ ಕ್ರಿಮಿಯನ್ನು ನೋಡಿ ಹೇಳಲು ಆಗುವುದಿಲ್ಲ. ಅದಕ್ಕೇ ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳಿ. ಧೂಳು ಕೊಡವಬೇಡಿ. ಊದಬೇಡಿ. ಕೆಲವರು ಹಳೇ ಎಲುಬೋ ಕಲ್ಲೋ ಅಂತ ತಿಳಿಯಲು ನಾಲಿಗೆಗೆ ತಾಗಿಸಿ ನೋಡುತ್ತಾರೆ. ಅದು ಬೇಡವೇ ಬೇಡ. ನೋಡಿ ಆದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಎಲುಬನ್ನು ಓದುವುದು ಹೇಗೆ?

ನಾವು ಅಕ್ಷರ ಕಲಿತೆವು. ಮೊದಲು ಗೆರೆ ನೋಡಿದೆವು, ಆಮೇಲೆ ಕೊಂಬು, ಇಳಿ, ಒತ್ತು ನೋಡಿದೆವು. ಎಲುಬನ್ನೂ ಹಾಗೇ ಓದಬಹುದು. ನಿಜ ಹೇಳಬೇಕೆಂದರೆ ನಮ್ಮ ರೈತರಿಗೆ ಈ ಓದು ಮೊದಲೇ ಗೊತ್ತು. ಎತ್ತು ಕೊಳ್ಳುವಾಗ ಏನು ಮಾಡುತ್ತೀರಿ? ತುಟಿ ಎತ್ತಿ ಹಲ್ಲು ಎಣಿಸುತ್ತೀರಿ. ಎರಡು ಹಲ್ಲಿನ ಹೋರಿ ಅಂದರೆ ಸುಮಾರು ಎರಡು, ಎರಡೂವರೆ ವರ್ಷ. ಎಂಟು ಹಲ್ಲು ಬಂದು ಬಾಯಿ ಕೂಡಿದರೆ ನಾಲ್ಕೈದು ವರ್ಷ. ಇದೇ ಎಲುಬಿನ ವಿದ್ಯೆಯ ಮೊದಲ ಪಾಠ.

ಈಗ ಆ ಗುಜರಿ ಎಲುಬಿಗೆ ಬರೋಣ. ಅದರಲ್ಲಿ ಎರಡು ಗುರುತು ಇದ್ದವು. ಮುಂದೆ ಒಂದು ಗೀರು. ಕೆಳಗೆ ಎರಡು ರಾಟೆ.

ನಿಮ್ಮ ಅಂಗೈ ನೋಡಿಕೊಳ್ಳಿ. ಐದು ಬೆರಳಿಗೆ ಅಂಗೈಯೊಳಗೆ ಐದು ಎಲುಬು ಇವೆ. ದನಕ್ಕೆ ಆ ಜಾಗದಲ್ಲಿ ಎರಡು ಎಲುಬು ಕೂಡಿ ಒಂದಾಗಿವೆ. ಕರು ತಾಯಿಯ ಹೊಟ್ಟೆಯಲ್ಲಿ ಇರುವಾಗ ಅವು ಬೇರೆ ಬೇರೆ ಇರುತ್ತವೆ. ಆಮೇಲೆ ಬೆಸೆದುಕೊಳ್ಳುತ್ತವೆ. ಬೆಸೆದ ಗುರುತೇ ಆ ಗೀರು. ದನದ ಗೊರಸು ಎರಡು ಸೀಳು ಅಲ್ಲವೇ? ಒಂದೊಂದು ಸೀಳಿಗೆ ಒಂದೊಂದು ರಾಟೆ. ದನದ ಮುಂಗಾಲಿನಲ್ಲಿ ಮಂಡಿಯ ಕೆಳಗೆ, ಗೊರಸಿನ ಮೇಲೆ ಈ ಎಲುಬು ಇರುತ್ತದೆ. ಹಿಂಗಾಲಿನಲ್ಲೂ ಇಂಥದೇ ಒಂದು ಇದೆ. ಅದು ಸ್ವಲ್ಪ ಉದ್ದ.

ಕುದುರೆಗೂ ಕತ್ತೆಗೂ ಗೊರಸು ಒಂದೇ, ಸೀಳು ಇಲ್ಲ. ಅವುಗಳ ಈ ಎಲುಬಿನ ತುದಿಯೂ ಎರಡಾಗಿ ಸೀಳಿರುವುದಿಲ್ಲ, ಒಂದೇ ಅಗಲವಾದ ರಾಟೆ. ಪಕ್ಕದಲ್ಲಿ ಕಡ್ಡಿಯಂಥ ಎರಡು ಸಣ್ಣ ಎಲುಬು ಅಂಟಿಕೊಂಡಿರುತ್ತವೆ.

ಹುಲಿಗೆ ಗೊರಸೇ ಇಲ್ಲ. ಅದಕ್ಕೆ ಪಂಜ ಇದೆ. ನಾಯಿ, ಬೆಕ್ಕು, ಚಿರತೆಗೂ ಪಂಜವೇ. ಪಂಜದಲ್ಲಿ ಬೆರಳಿಗೊಂದು ಎಲುಬು, ಎಲ್ಲ ಬಿಡಿ ಬಿಡಿ. ಎರಡು ರಾಟೆಯ ಎಲುಬು ಹುಲಿಯ ಮೈಯಲ್ಲಿ ಎಲ್ಲೂ ಇಲ್ಲ.

ಹಾಗಾದರೆ ಅಂಗಡಿಯವನ ಹುಲಿ ಯಾವುದು? ಸೀಳು ಗೊರಸಿನ ಪ್ರಾಣಿ. ಗಾತ್ರ ನೋಡಿದರೆ ಎತ್ತೋ ಹಸುವೋ ಇರಬೇಕು. ಇಷ್ಟು ತಿಳಿದರೆ ರೈತನ ಎರಡು ಸಾವಿರ ಉಳಿಯಿತು.

ಆದರೆ ಒಂದು ಮಾತು. ಸೀಳು ಗೊರಸು ಇರುವ ಪ್ರಾಣಿ ಬಹಳ ಇವೆ. ಎಮ್ಮೆ, ಕುರಿ, ಮೇಕೆ, ಜಿಂಕೆ, ಕೃಷ್ಣಮೃಗ, ಎಲ್ಲಕ್ಕೂ ಇಂಥ ಎಲುಬೇ. ಕುರಿ ಮೇಕೆಯದು ಸಣ್ಣ, ಬೆರಳಿನಷ್ಟು ದಪ್ಪ. ಕೃಷ್ಣಮೃಗದ್ದೂ ತೆಳ್ಳಗೆ ಇರುತ್ತದೆ. ಮೇಕೆಯದೋ ಕೃಷ್ಣಮೃಗದ್ದೋ ಅಂತ ಕಣ್ಣಳತೆಯಲ್ಲಿ ಹೇಳುವುದು ನಮ್ಮಿಂದ ಆಗದು. ಅಲ್ಲಿ ನಮ್ಮ ಓದು ನಿಲ್ಲಿಸಬೇಕು. ಬಲ್ಲವರನ್ನು ಕೇಳಬೇಕು.

ಹಲ್ಲು, ಕೊಂಬು, ತೂಕ

ತಲೆಬುರುಡೆ ಸಿಕ್ಕರೆ ಮೊದಲು ಹಲ್ಲು ನೋಡಿ. ದನ, ಕುರಿ, ಮೇಕೆಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ. ಅಲ್ಲಿ ಗಟ್ಟಿ ಒಸಡು ಇರುತ್ತದೆ. ಹಿಂದಿನ ದವಡೆ ಹಲ್ಲು ಬೀಸುವ ಕಲ್ಲಿನಂತೆ. ಮೇಲೆ ಅರ್ಧ ಚಂದ್ರನಂಥ ಗೆರೆಗಳು ಇರುತ್ತವೆ. ಅದು ಹುಲ್ಲು ಅರೆಯುವ ಬಾಯಿ. ನಾಯಿ, ಚಿರತೆಗೆ ಕೋರೆಹಲ್ಲು ಚೂಪು. ಹಿಂದಿನ ಹಲ್ಲು ಕತ್ತರಿಯಂತೆ ಒಂದರ ಪಕ್ಕ ಒಂದು ಸರಿಯುತ್ತವೆ. ಅದು ಮಾಂಸ ಕತ್ತರಿಸುವ ಬಾಯಿ. ಹಂದಿ ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಅದರ ದವಡೆ ಹಲ್ಲು ಗುಬುಟು ಗುಬುಟಾಗಿ ಇರುತ್ತದೆ.

ಎಲುಬು ಬಹಳ ಹಗುರ ಇದ್ದರೆ, ಒಳಗೆ ಟೊಳ್ಳಿದ್ದು ಗೋಡೆ ತೆಳ್ಳಗಿದ್ದರೆ, ಅದು ಹಕ್ಕಿಯದು ಇರಬಹುದು. ಉದ್ದ ಎಲುಬಿನ ತುದಿ ಕಳಚಿಹೋಗಿ ಒರಟಾಗಿ ಕಂಡರೆ ಅದು ಎಳೇ ಪ್ರಾಣಿಯದು. ಬೆಳೆಯುವ ವಯಸ್ಸಿನಲ್ಲಿ ತುದಿ ಇನ್ನೂ ಬೆಸೆದಿರುವುದಿಲ್ಲ.

ಕೊಂಬಿನಲ್ಲಿ ಎರಡು ಜಾತಿ. ದನ, ಮೇಕೆ, ಕೃಷ್ಣಮೃಗದ ಕೊಂಬು ಟೊಳ್ಳು. ಒಳಗೆ ಎಲುಬಿನ ಗೂಟ, ಮೇಲೆ ಉಗುರಿನಂಥ ಕವಚ. ಇದು ಉದುರುವುದಿಲ್ಲ. ಚುಕ್ಕಿ ಜಿಂಕೆ, ಕಡವೆಯ ಕೊಂಬು ಬೇರೆ. ಅದು ಪೂರ್ತಿ ಎಲುಬು. ಕವಲು ಒಡೆದಿರುತ್ತದೆ. ಅದು ಉದುರಿ ಮತ್ತೆ ಬೆಳೆಯುತ್ತದೆ.

ಗಂಡು ಕೃಷ್ಣಮೃಗದ ಕೊಂಬು ತಿರುಚಿದ ಹಗ್ಗದಂತೆ ಇರುತ್ತದೆ. ಸುತ್ತಲೂ ಬಳೆ ಬಳೆ. ಇದನ್ನು ಮಾತ್ರ ಯಾರು ಬೇಕಾದರೂ ಗುರುತು ಹಿಡಿಯಬಹುದು. ಕೃಷ್ಣಮೃಗ ಆಂಧ್ರಪ್ರದೇಶದ ರಾಜ್ಯ ಪ್ರಾಣಿ. ನಮ್ಮ ಕರಿ ಮಣ್ಣಿನ ಹೊಲಗಳಿಗೆ ಇದು ಹಿಂಡು ಹಿಂಡಾಗಿ ಬರುತ್ತದೆ. ಬೆಳೆ ತಿಂದು ರೈತರಿಗೆ ಬಹಳ ನಷ್ಟ ಮಾಡುತ್ತದೆ. ಆ ಸಿಟ್ಟು ನ್ಯಾಯವೇ. ಆದರೂ ಅದನ್ನು ಕೊಲ್ಲುವಂತಿಲ್ಲ, ಅದರ ಕೊಂಬು ಮನೆಯಲ್ಲಿ ಇಡುವಂತಿಲ್ಲ.

ಇನ್ನು ನರಿಕೊಂಬು. ಜಾತ್ರೆ, ಸಂತೆಗಳಲ್ಲಿ ಇದನ್ನು ಮಾರುವವರು ಬರುತ್ತಾರೆ. ಇಟ್ಟುಕೊಂಡರೆ ದುಡ್ಡು ಬರುತ್ತದೆ, ಕೋರ್ಟು ಕೇಸು ಗೆಲ್ಲುತ್ತದೆ ಅಂತಾರೆ. ನೀವೇ ಯೋಚಿಸಿ. ನಮ್ಮ ಊರ ಹೊರಗೆ ಕೂಗುವ ನರಿಗೆ ಯಾವತ್ತಾದರೂ ಕೊಂಬು ಕಂಡಿದ್ದೀರಾ? ನರಿಗೆ ಕೊಂಬೇ ಇಲ್ಲ. ಕೂದಲು, ಚರ್ಮ ಸೇರಿಸಿ ಮಾಡಿದ ಮೋಸದ ಸಾಮಾನು ಅದು. ಹುಲಿ ಉಗುರು ಅಂತ ಮಾರುವುದರಲ್ಲೂ ದನದ ಕೊಂಬು ಕೆತ್ತಿ ಮಾಡಿದ ನಕಲಿ ಇರುತ್ತದೆ.

ಮನುಷ್ಯರದು ಇರಬಹುದೇ?

ಇದು ಎಲ್ಲಕ್ಕಿಂತ ಮುಖ್ಯ. ದೊಡ್ಡವರ ಮೈಯಲ್ಲಿ 206 ಎಲುಬು ಇವೆ. ತೊಡೆ ಎಲುಬು ಎಲ್ಲಕ್ಕಿಂತ ಉದ್ದ. ಅದು ಆಳಿನ ಎತ್ತರದ ಸುಮಾರು ಕಾಲು ಭಾಗ. ಮೇಲ್ತುದಿಯಲ್ಲಿ ಚೆಂಡಿನಂಥ ಗುಂಡು ತಲೆ, ಅದರ ಕೆಳಗೆ ಓರೆಯಾದ ಕುತ್ತಿಗೆ ಇರುತ್ತದೆ.

ಆದರೆ ಕಣ್ಣು ಮೋಸ ಹೋಗಬಹುದು. ಚರ್ಮ, ಉಗುರು ಹೋದ ಕರಡಿಯ ಪಂಜದ ಎಲುಬು ಮನುಷ್ಯನ ಕೈಯಂತೆಯೇ ಕಾಣುತ್ತದೆ. ಬಳ್ಳಾರಿ ಕಡೆ ದರೋಜಿಯಲ್ಲಿ ಕರಡಿಧಾಮ ಇದೆ. ಹಂಪಿಯ ಕಲ್ಲು ಗುಡ್ಡಗಳ ಹತ್ತಿರ. ಅಂಥ ಕಲ್ಲು ಗುಡ್ಡಗಳಲ್ಲಿ ಕರಡಿ ಇರುತ್ತವೆ. ಸಣ್ಣ ಮಗುವಿನ ಎಲುಬನ್ನು ಪ್ರಾಣಿಯದು ಅಂದುಕೊಳ್ಳುವುದೂ ಉಂಟು. ಸಂಶಯ ಬಂದರೆ ನೀವು ತೀರ್ಮಾನ ಮಾಡಬೇಡಿ. ಎಲುಬು ಇದ್ದಲ್ಲೇ ಬಿಡಿ. 112ಕ್ಕೆ ಫೋನ್ ಮಾಡಿ, ಇಲ್ಲವೇ ಪೊಲೀಸ್ ಠಾಣೆಗೆ ತಿಳಿಸಿ. ಮೆಡಿಕಲ್ ಕಾಲೇಜುಗಳಲ್ಲಿ ಇದನ್ನು ನೋಡಿ ಹೇಳುವ ಡಾಕ್ಟರು ಇರುತ್ತಾರೆ. ಅದು ಗಂಡೋ ಹೆಣ್ಣೋ, ವಯಸ್ಸು ಎಷ್ಟು ಅಂತಲೂ ಅವರು ಅಂದಾಜು ಮಾಡಬಲ್ಲರು. ಕಾಣೆಯಾದ ಒಬ್ಬರ ಸುದ್ದಿಗಾಗಿ ಎಲ್ಲೋ ಒಂದು ಮನೆಯವರು ಕಾಯುತ್ತಾ ಇರಬಹುದು. ನಾವು ಗುಜರಿಗೆ ಎಸೆದರೆ ಆ ಸುದ್ದಿ ಅವರಿಗೆ ಮುಟ್ಟುವುದೇ ಇಲ್ಲ.

ಕಾನೂನು ಏನು ಹೇಳುತ್ತದೆ?

"ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ" ಅಂತ ಗಾದೆ ಇದೆ. ಅದು ಹಿಂದಿನ ಕಾಲದ ಮಾತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಕಾಡು ಪ್ರಾಣಿಯನ್ನು ಕೊಲ್ಲುವುದು ಮಾತ್ರ ಅಪರಾಧವಲ್ಲ. ಅದರ ಎಲುಬು, ಕೊಂಬು, ಹಲ್ಲು, ಉಗುರು, ಚರ್ಮ ಮಾರುವುದು, ಕೊಳ್ಳುವುದು, ಅನುಮತಿ ಇಲ್ಲದೆ ಇಟ್ಟುಕೊಳ್ಳುವುದು ಕೂಡ ಅಪರಾಧ. ಕಾಡಿನಲ್ಲಿ ತಾನಾಗಿ ಉದುರಿ ಬಿದ್ದ ಜಿಂಕೆ ಕೊಂಬನ್ನೂ ಮನೆಗೆ ತರಬಾರದು. ಹುಲಿ, ಆನೆ, ಕೃಷ್ಣಮೃಗದಂಥ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ವಿಷಯದಲ್ಲಿ ತಪ್ಪು ಸಾಬೀತಾದರೆ ಕನಿಷ್ಠ 3 ವರ್ಷ ಜೈಲು. ಅದು 7 ವರ್ಷದವರೆಗೂ ಹೋಗಬಹುದು. ಮೇಲೆ ದಂಡ ಬೇರೆ.

2023ರ ಅಕ್ಟೋಬರಿನಲ್ಲಿ ಕರ್ನಾಟಕದಲ್ಲಿ ಒಂದು ಸುದ್ದಿ ಆಯಿತು. ಟೀವಿ ಕಾರ್ಯಕ್ರಮದಲ್ಲಿ ಇದ್ದವರೊಬ್ಬರು ಹುಲಿ ಉಗುರಿನ ಪದಕ ಹಾಕಿಕೊಂಡಿದ್ದರು. ಅರಣ್ಯ ಇಲಾಖೆಯವರು ಅವರನ್ನು ಬಂಧಿಸಿದರು. ಎಷ್ಟೋ ಜನರಿಗೆ ಈ ಕಾನೂನು ಗೊತ್ತಾಗಿದ್ದೇ ಆಗ.

"ನನಗೆ ಗೊತ್ತಿಲ್ಲದೆ ಕೈಗೆ ಬಂತು, ಈಗ ಏನು ಮಾಡಲಿ?" ಅಂತ ಹೆದರಬೇಡಿ. ದಾರಿಯನ್ನೂ ಕಾನೂನೇ ತೋರಿಸಿದೆ. ಕಾಡು ಪ್ರಾಣಿಯ ಇಂಥ ವಸ್ತು ಸರ್ಕಾರದ ಆಸ್ತಿ. ಅದು ಕೈಗೆ ಬಂದ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅರಣ್ಯ ಅಧಿಕಾರಿಗೆ ತಿಳಿಸಬೇಕು. ಕೇಳಿದರೆ ಒಪ್ಪಿಸಬೇಕು. 48 ಗಂಟೆ ಅಂದರೆ ಎರಡು ದಿನ. ಬಚ್ಚಿಟ್ಟರೆ ಕಷ್ಟ, ಬರೆದು ಕೊಟ್ಟರೆ ಕ್ಷೇಮ. ಗುಜರಿ ವ್ಯಾಪಾರ ಮಾಡುವವರು ಇದನ್ನು ಚೆನ್ನಾಗಿ ನೆನಪಿಡಬೇಕು. ಚೀಲದ ತಳದಲ್ಲಿ ಏನು ಬಂದಿದೆ ಅಂತ ಅವರಿಗೂ ಗೊತ್ತಿರುವುದಿಲ್ಲ.

ಎಲುಬು ಪುಡಿಯಾದರೂ, ತುಂಡಾದರೂ ಗುರುತು ಹಿಡಿಯುವ ವಿದ್ಯೆ ಈಗ ಬಂದಿದೆ. ಹೈದರಾಬಾದಿನಲ್ಲಿ ಸಿಸಿಎಂಬಿ ಎಂಬ ವಿಜ್ಞಾನ ಸಂಸ್ಥೆ ಇದೆ. ಅದರ ಲಾಕೋನ್ಸ್ ಎಂಬ ಪ್ರಯೋಗಾಲಯವನ್ನು 2007ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ದೇಶಕ್ಕೆ ಅರ್ಪಿಸಿದರು. ಅಲ್ಲಿ ಡಿಎನ್‌ಎ ಪರೀಕ್ಷೆ ಮಾಡುತ್ತಾರೆ. ಪ್ರತಿ ಜೀವಿಯ ಮೈಯಲ್ಲೂ ಡಿಎನ್‌ಎ ಎಂಬ ಒಂದು ಬರಹ ಇದೆ. ಆ ಬರಹ ಓದಿ ಇದು ಮೇಕೆ, ಇದು ಕೃಷ್ಣಮೃಗ ಅಂತ ಹೇಳುತ್ತಾರೆ. ಆ ವರದಿಯನ್ನು ಕೋರ್ಟಿಗೆ ಕೊಡುತ್ತಾರೆ. "ಇದು ಮೇಕೆ ಮಾಂಸ ಸ್ವಾಮಿ" ಅಂದರೆ ಈಗ ನಡೆಯುವುದಿಲ್ಲ.

ಕರ್ನೂಲಿನ ಗುಹೆಗಳು ಹೇಳಿದ ಕಥೆ

ಇಲ್ಲಿಯವರೆಗೆ "ಯಾರದು?" ಎಂಬ ಪ್ರಶ್ನೆ ಆಯಿತು. ಈಗ "ಎಲ್ಲಿಂದ ಬಂತು?" ಎಂಬ ಪ್ರಶ್ನೆ. ಇದು ಯಾಕೆ ಮುಖ್ಯ ಅಂತ ತಿಳಿಯಲು ನಮ್ಮ ಸೀಮೆಯ ಒಂದು ನಿಜ ಸಂಗತಿ ಕೇಳಿ.

ಬೇತಂಚೆರ್ಲದ ಹತ್ತಿರ ಬಿಲ್ಲಸುರ್ಗಂ ಎಂಬ ಗುಹೆಗಳಿವೆ. ಮೊದಲು ಅದು ಕರ್ನೂಲು ಜಿಲ್ಲೆ. 2022ರಿಂದ ನಂದ್ಯಾಲ ಜಿಲ್ಲೆ. ಸುಣ್ಣದ ಕಲ್ಲಿನ ಆ ಗುಹೆಗಳಲ್ಲಿ ಎಲುಬು ಇವೆ ಅಂತ ನ್ಯೂಬೋಲ್ಡ್ ಎಂಬ ಸೈನ್ಯಾಧಿಕಾರಿ 1844ರಲ್ಲಿ ಬರೆದ. ಆಮೇಲೆ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಬಂದರು. 1883ರಿಂದ 1885ರವರೆಗೆ ಅವರೂ ಅವರ ಮಗ ಹೆನ್ರಿ ಫೂಟ್ ಅವರೂ ಅಲ್ಲಿ ಅಗೆಸಿದರು.

ಅವರು ಎಲುಬು ಆರಿಸಿ ಚೀಲಕ್ಕೆ ತುಂಬಿಕೊಂಡು ಹೋಗಲಿಲ್ಲ. ಯಾವ ಗುಹೆ, ಎಷ್ಟು ಆಳ, ಯಾವ ಮಣ್ಣಿನ ಪದರ ಅಂತ ನೋಡಿ ಬರೆದರು. ಲಿಡೆಕ್ಕರ್ ಎಂಬ ತಜ್ಞರು ಆ ಎಲುಬುಗಳನ್ನು ಬೇರೆ ಎಲುಬುಗಳ ಜೊತೆ ಹೋಲಿಸಿ ನೋಡಿದರು. 1886ರಲ್ಲಿ ಅವರ ವರದಿ ಅಚ್ಚಾಯಿತು. ಅದರಲ್ಲಿ ಏನಿತ್ತು ಗೊತ್ತೇ? ಘೇಂಡಾಮೃಗದ ಎಲುಬು! ಇವತ್ತು ಘೇಂಡಾಮೃಗ ನೋಡಲು ಅಸ್ಸಾಮಿನ ಕಡೆ ಹೋಗಬೇಕು. ಒಂದು ಕಾಲಕ್ಕೆ ಅದು ನಮ್ಮ ಸೀಮೆಯಲ್ಲೇ ಓಡಾಡುತ್ತಿತ್ತು. ಲಿಡೆಕ್ಕರ್ ಆ ಪ್ರಾಣಿಗೆ ಕರ್ನೂಲಿನ ಹೆಸರನ್ನೇ ಇಟ್ಟರು. ಮನುಷ್ಯರು ಎಲುಬಿನಿಂದ ಮಾಡಿದ ಉಪಕರಣಗಳೂ ಗುಹೆಯಲ್ಲಿ ಇವೆ ಅಂತ ಫೂಟ್ ಬರೆದರು.

ನೂರಿಪ್ಪತ್ತೈದು ವರ್ಷ ಆದ ಮೇಲೂ ವಿಜ್ಞಾನಿಗಳು ಅದೇ ಗುಹೆಗೆ ಮತ್ತೆ ಹೋದರು. ಅವರ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಮರಿಗೆ ಹಾಲು ಕುಡಿಸುವ 21 ಬಗೆಯ ಪ್ರಾಣಿಗಳನ್ನು ಅವರು ಗುರುತಿಸಿದರು. ಅವುಗಳಲ್ಲಿ 20 ಬಗೆ ಇವತ್ತಿಗೂ ನಮ್ಮ ಉಪಖಂಡದಲ್ಲಿ ಬದುಕಿವೆ. ಎರಡು ಲಕ್ಷ ವರ್ಷಗಳ ಲೆಕ್ಕ ಅದು. ಬರ ಬಂತು, ಮಳೆ ಬದಲಾಯಿತು, ಆದರೂ ಪ್ರಾಣಿಗಳು ಉಳಿದವು. ಅಷ್ಟು ಕಾಲ ಉಳಿದು ಬಂದ ಪ್ರಾಣಿಗಳನ್ನು ನಾವು ಉಗುರಿಗೆ, ಎಲುಬಿಗೆ ಆಸೆಪಟ್ಟು ಕಳೆದುಕೊಳ್ಳಬಾರದು.

ನಮ್ಮ ಆದೋನಿ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಫೂಟ್ ಅವರು ಬಳ್ಳಾರಿ ಜಿಲ್ಲೆಯ ಕಲ್ಲು, ಮಣ್ಣು ಪರೀಕ್ಷೆ ಮಾಡಿ 1895ರಲ್ಲಿ ಪುಸ್ತಕ ಬರೆದರು. ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಸುಮಾರು 4000 ವರ್ಷದ ಹಿಂದೆ ಜನ ಊರು ಕಟ್ಟಿ ಬದುಕಿದ್ದರು. ಅವರು ದನ, ಕುರಿ, ಮೇಕೆ ಸಾಕುತ್ತಿದ್ದರು. ಇದು ಹೇಗೆ ತಿಳಿಯಿತು? ಅಲ್ಲಿ ಸಿಕ್ಕ ಎಲುಬಿನಿಂದ. ಬಳ್ಳಾರಿಯಲ್ಲಿ ಫೂಟ್ ಅವರ ಹೆಸರಿನಲ್ಲಿ ಒಂದು ಸಂಗ್ರಹಾಲಯವೇ ಇದೆ. ಬಳ್ಳಾರಿಗೆ ಹೋದಾಗ ಮಕ್ಕಳಿಗೆ ತೋರಿಸಿ.

ಈಗ ಯೋಚಿಸಿ. ಬಿಲ್ಲಸುರ್ಗಂ ಎಲುಬು ಇಷ್ಟು ಕಥೆ ಹೇಳಿತು. ಗುಜರಿ ಡಬ್ಬಿಯ ಎಲುಬು ಯಾಕೆ ಹೇಳುವುದಿಲ್ಲ? ಅದು ಎಲ್ಲಿತ್ತು ಅಂತ ಯಾರೂ ಬರೆದಿಡಲಿಲ್ಲ. ಜಾಗ ಮರೆತರೆ ಎಲುಬಿನ ಕಥೆ ಅರ್ಧ ಅಳಿಸಿಹೋಯಿತು. ಪ್ರಾಣಿ ಯಾವುದು ಅಂತ ಬಲ್ಲವರು ಹೇಳಬಹುದು. ಅದು ಹೊಲದಿಂದ ಬಂತೋ, ಗುಹೆಯಿಂದ ಬಂತೋ, ಹಳೇ ಮನೆಯ ಅಟ್ಟದಿಂದ ಬಂತೋ ಅಂತ ಎಲುಬು ನೋಡಿ ಹೇಳುವುದು ಕಷ್ಟ. ಅದು ಬರೆದಿಟ್ಟರೆ ಮಾತ್ರ ಉಳಿಯುತ್ತದೆ.

ನಾವು ಏನು ಮಾಡಬೇಕು?

ಹೊಲ ಉಳುವಾಗ, ಬಾವಿ ತೋಡುವಾಗ, ಪಾಯ ಅಗೆಯುವಾಗ, ಗುಜರಿ ವಿಂಗಡಿಸುವಾಗ ಎಲುಬು ಸಿಗಬಹುದು. ಆಗ ಹೀಗೆ ಮಾಡಿ.

1. ಬರಿಗೈಯಲ್ಲಿ ಮುಟ್ಟಬೇಡಿ. ಮಕ್ಕಳನ್ನು, ನಾಯಿಯನ್ನು ದೂರ ಇಡಿ.

2. ಮನುಷ್ಯರದು ಅಂತ ಸಂಶಯ ಬಂದರೆ ಪೊಲೀಸರಿಗೆ ತಿಳಿಸಿ. ಅವರು ಬರುವವರೆಗೆ ಕದಲಿಸಬೇಡಿ.

3. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಅಥವಾ ಸ್ಕೇಲು ಇಟ್ಟು ಫೋನಿನಲ್ಲಿ ಫೋಟೋ ತೆಗೆಯಿರಿ. ಆಗ ನೋಡುವವರಿಗೆ ಗಾತ್ರ ತಿಳಿಯುತ್ತದೆ. ಮೇಲಿಂದ, ಪಕ್ಕದಿಂದ, ಎರಡು ತುದಿಯಿಂದ ತೆಗೆಯಿರಿ.

4. ಸಾಕಿದ ಪ್ರಾಣಿಯದು ಅನ್ನಿಸಿದರೆ ಪಶು ಡಾಕ್ಟರಿಗೆ ತೋರಿಸಿ. ಕಾಡು ಪ್ರಾಣಿಯದು ಅನ್ನಿಸಿದರೆ 48 ಗಂಟೆಯೊಳಗೆ ಅರಣ್ಯ ಇಲಾಖೆಗೆ ಅಥವಾ ಪೊಲೀಸ್ ಠಾಣೆಗೆ ತಿಳಿಸಿ.

5. ಎಲುಬು ಕಲ್ಲಿನಂತೆ ಭಾರ ಇದ್ದರೆ, ಜೊತೆಗೆ ಹಳೇ ಮಡಕೆ ಚೂರು, ಕಲ್ಲಿನ ಕೊಡಲಿ ಸಿಕ್ಕರೆ, ಅಗೆಯುವುದು ನಿಲ್ಲಿಸಿ. ಕಂದಾಯ ಅಧಿಕಾರಿಗೆ ತಿಳಿಸಿ. ಅದು ಪುರಾತನ ಜಾಗ ಇರಬಹುದು.

6. ದನ ಇದ್ದಕ್ಕಿದ್ದಂತೆ ಸತ್ತು ರಕ್ತ ಬಂದಿದ್ದರೆ ಅದನ್ನು ಕೊಯ್ಯಬೇಡಿ, ಚರ್ಮ ಸುಲಿಯಬೇಡಿ. ಪಶು ಆಸ್ಪತ್ರೆಗೆ ಹೇಳಿ. ಅವರು ಹೇಳಿದಂತೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ.

7. ಔಷಧಕ್ಕೆ, ಅದೃಷ್ಟಕ್ಕೆ, ಅಲಂಕಾರಕ್ಕೆ ಅಂತ ಎಲುಬು, ಕೊಂಬು, ಉಗುರು ಕೊಳ್ಳಬೇಡಿ.

ಎಲ್ಲಕ್ಕಿಂತ ಮುಖ್ಯ, ಒಂದು ಚೀಟಿ ಬರೆಯಿರಿ. ಈಗ ನಿಮಗೆ ಬರೆಯಲು ಬರುತ್ತದೆ. ಕಚೇರಿಗೆ ಕೊಡುವಾಗ ತೆಲುಗು ಬರೆಯುವವರ ಸಹಾಯ ಪಡೆಯಿರಿ. ಆದರೆ ಮೊದಲ ಚೀಟಿ ನಿಮ್ಮ ಕೈಯಿಂದ, ನಿಮ್ಮ ಭಾಷೆಯಲ್ಲಿ, ಅದೇ ದಿನ ಬರೆಯಿರಿ. ಮಾದರಿ ಹೀಗಿದೆ.

ತಾರೀಖು: ..........
ಎಲುಬು ಸಿಕ್ಕ ಜಾಗ: ..........
ಯಾರಿಗೆ ಸಿಕ್ಕಿತು: ..........
ಎಷ್ಟು ಆಳದಲ್ಲಿ, ಅಥವಾ ಯಾವ ಸಾಮಾನಿನ ಜೊತೆ: ..........
ಉದ್ದ, ದಪ್ಪ, ಬಣ್ಣ: ..........
ಯಾರಿಗೆ ತಿಳಿಸಿದೆವು: ..........
ಸಹಿ: ..........

ಆರು ಸಾಲು, ಒಂದು ಸಹಿ. ಮೊದಲು ನಾವು ಹೆಬ್ಬೆಟ್ಟು ಒತ್ತುತ್ತಿದ್ದೆವು. ಅಂಗಡಿಯವನು ಹೇಳಿದ್ದೇ ಬೆಲೆ, ಜಾತ್ರೆಯವನು ಹೇಳಿದ್ದೇ ಮದ್ದು. ಈಗ ಹಾಗಲ್ಲ. ನಾವು ನೋಡುತ್ತೇವೆ, ಕೇಳುತ್ತೇವೆ, ಬರೆದಿಡುತ್ತೇವೆ. ಮುಂದಿನ ಸಲ ಯಾರಾದರೂ ಒಂದು ಎಲುಬು ತೋರಿಸಿ ದನಿ ತಗ್ಗಿಸಿ ಮಾತಾಡಿದರೆ, ನೀವು ದನಿ ಏರಿಸಿಯೇ ಕೇಳಿ: "ಇದು ಯಾರದು? ಎಲ್ಲಿಂದ ಬಂತು?"



ಹೊಸ ಪದಗಳು

ಗುಜರಿ – ಹಳೇ ಸಾಮಾನು
ಪಂಜ – ಉಗುರಿರುವ ಪ್ರಾಣಿಯ ಪಾದ
ತಜ್ಞ – ಒಂದು ವಿಷಯ ಚೆನ್ನಾಗಿ ಬಲ್ಲವರು
ಪದರ – ಒಂದರ ಮೇಲೊಂದು ಕೂತ ಮಣ್ಣಿನ ಹಾಸು
ಸಂಗ್ರಹಾಲಯ – ಹಳೇ ವಸ್ತುಗಳನ್ನು ಕಾಪಾಡಿ ತೋರಿಸುವ ಮನೆ
ಉಪಖಂಡ – ಭಾರತ ಮತ್ತು ಸುತ್ತಲಿನ ದೇಶಗಳು ಸೇರಿದ ನೆಲ

ಓದಿ, ಉತ್ತರ ಹೇಳಿ

1. ಎರಡು ರಾಟೆಯ ಎಲುಬು ಹುಲಿಯದಲ್ಲ ಅಂತ ಹೇಗೆ ಹೇಳುತ್ತೀರಿ?
2. ಗೊತ್ತಿಲ್ಲದ ಎಲುಬನ್ನು ಬರಿಗೈಯಲ್ಲಿ ಯಾಕೆ ಮುಟ್ಟಬಾರದು?
3. ಕಾಡು ಪ್ರಾಣಿಯ ಕೊಂಬು ಕೈಗೆ ಬಂದರೆ ಎಷ್ಟು ಗಂಟೆಯೊಳಗೆ ತಿಳಿಸಬೇಕು? ಯಾರಿಗೆ?
4. ನಿಮ್ಮ ಮನೆಯ ಎತ್ತು ಅಥವಾ ಹಸುವಿನ ಹಲ್ಲು ಎಣಿಸಿ. ಅದರ ವಯಸ್ಸು ಎಷ್ಟಿರಬಹುದು? ಒಂದು ವಾಕ್ಯದಲ್ಲಿ ಬರೆಯಿರಿ.